ಕೋಡನ್ನು ಯಂತ್ರವೇ ಬರೆಯುವಾಗ ಪ್ರೋಗ್ರಾಮಿಂಗ್ ಭಾಷೆಗಳ ಸಂಶೋಧನೆ ಯಾಕೆ?

ಪ್ರಶ್ನೆ: ನಾನು ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು. ಮಗಳು ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಸೈನ್ಸ್ ಇಂಜಿನಿಯರಿಂಗ್ ಆರನೇ ಸೆಮಿಸ್ಟರ್ ಓದುತ್ತಿದ್ದಾಳೆ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮ. ಕಾಲೇಜಿಗೆ ಬಂದಿದ್ದ ಸಂಶೋಧಕರೊಬ್ಬರ ಉಪನ್ಯಾಸ ಕೇಳಿದಾಗಿನಿಂದ ಕ್ಯಾಂಪಸ್ ಸಂದರ್ಶನ ಬೇಡ, ಪ್ರೋಗ್ರಾಮಿಂಗ್ ಭಾಷೆಗಳ ವಿಷಯದಲ್ಲಿ ಪಿಎಚ್.ಡಿ. ಮಾಡುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಬೆಂಗಳೂರಿನ ಐಟಿ ಕಂಪನಿಯಲ್ಲಿರುವ ಅವಳ ಸೋದರಮಾವ, "ಇರುವ ಭಾಷೆಗಳೇ ಹೆಚ್ಚಾಗಿವೆ. ಈಗ ಎಐ ತಾನೇ ಕೋಡ್ ಬರೆಯುತ್ತದೆ. ಇವಳು ಓದಿ ಹೊರಬರುವಷ್ಟರಲ್ಲಿ ಆ ವಿಷಯವೇ ಇರುವುದಿಲ್ಲ" ಎನ್ನುತ್ತಾನೆ. ಊರಿನ ನಿವೃತ್ತ ಮಾಸ್ತರರು, "ಕಂಪ್ಯೂಟರಿಗೆ ಸಂಸ್ಕೃತವೇ ಶ್ರೇಷ್ಠ ಎಂದು ನಾಸಾದವರೇ ಹೇಳಿದ್ದಾರೆ, ಅದನ್ನು ಕಲಿಯಲಿ" ಎಂದರು. ಇಂಜಿನಿಯರಿಂಗ್ ಗಣಿತದಲ್ಲಿ ಅವಳ ಅಂಕ ಅಷ್ಟಕ್ಕಷ್ಟೆ. ತಲೆಯ ಮೇಲೆ ನಾಲ್ಕು ಲಕ್ಷದ ಶಿಕ್ಷಣ ಸಾಲವಿದೆ. ಈ ಸಂಶೋಧಕರು ದಿನವಿಡೀ ಏನು ಮಾಡುತ್ತಾರೆ ಎಂಬುದೇ ನನಗೆ ತಿಳಿಯದು. ಹೋಗಲು ಬಿಡಲೇ, ತಡೆಯಲೇ?
— ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ನಾನು ಕಂಪೈಲರ್ ಮತ್ತು ಪ್ರೋಗ್ರಾಮ್ ವಿಶ್ಲೇಷಣೆಯಲ್ಲಿ ಕೆಲಸ ಮಾಡುವವನು. ಕಂಪೈಲರ್ ಎಂದರೆ ಮನುಷ್ಯ ಬರೆದ ಪ್ರೋಗ್ರಾಮನ್ನು ಯಂತ್ರದ ಸಂಕೇತಗಳಿಗೆ ತಿರುಗಿಸುವ ಸಾಫ್ಟ್‌ವೇರ್. ಧಾರವಾಡದ ನಮ್ಮ ನೆಂಟರಿಷ್ಟರು ಇಂದಿಗೂ ಕೆಟ್ಟ ಪ್ರಿಂಟರ್ ಹಿಡಿದುಕೊಂಡು ನನ್ನ ಹತ್ತಿರ ಬರುತ್ತಾರೆ. ಆದ್ದರಿಂದ "ದಿನವಿಡೀ ಏನು ಮಾಡುತ್ತಾರೆ" ಎಂಬ ನಿಮ್ಮ ಮಾತು ನನಗೆ ಹೊಸದಲ್ಲ, ಅಲ್ಲಿಂದಲೇ ಶುರು ಮಾಡುವುದು ಒಳ್ಳೆಯದು. ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಹೆಣೆದುಕೊಂಡಿವೆ. ಈ ವಿಷಯ ಉಳಿಯುತ್ತದೆಯೇ ಎಂಬುದು ಒಂದು. ಅಷ್ಟು ವರ್ಷ ಮನೆ ತಾಳಿಕೊಳ್ಳುತ್ತದೆಯೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಸಾಕಷ್ಟು ಧೈರ್ಯದಿಂದ ಉತ್ತರಿಸಬಲ್ಲೆ. ಎರಡನೆಯದಕ್ಕೆ ಲೆಕ್ಕ ಹಾಕಿಯೇ ನೋಡಬೇಕು, ಆ ಕೆಲಸದಲ್ಲಿ ನೀವು ನನಗಿಂತ ಪಳಗಿದವರು.

ನಿಮ್ಮ ಅಂಗಡಿಯ ಪಟ್ಟಿಯನ್ನೇ ತೆಗೆದುಕೊಳ್ಳೋಣ. ರೈತರೊಬ್ಬರ ಡಬ್ಬಿ ಮೆಣಸಿನಕಾಯಿ ಬಂದಿದೆ ಎಂದುಕೊಳ್ಳಿ. ಲಾಟ್ ಸಂಖ್ಯೆ 214, ತೂಕ 96 ಕಿಲೋ, ದರ ಕ್ವಿಂಟಲಿಗೆ 18,000 ರೂಪಾಯಿ. ಪಟ್ಟಿಯ ಮೊತ್ತ 17,280 ಆಗಬೇಕು. ಪಟ್ಟಿ ಮುದ್ರಿಸುವ ಪ್ರೋಗ್ರಾಮನ್ನು ಬರೆದ ಹುಡುಗ ಅವಸರದಲ್ಲಿ ತೂಕ ಇರಬೇಕಾದ ಜಾಗದಲ್ಲಿ ಲಾಟ್ ಸಂಖ್ಯೆಯನ್ನು ಕೊಟ್ಟುಬಿಟ್ಟ. ಕಂಪ್ಯೂಟರ್ ತಕರಾರಿಲ್ಲದೆ 38,520 ಎಂದು ಮುದ್ರಿಸುತ್ತದೆ. ಅದರ ಮಟ್ಟಿಗೆ ಎರಡೂ ಬರೀ ಸಂಖ್ಯೆ. ಇಷ್ಟು ದೊಡ್ಡ ವ್ಯತ್ಯಾಸವನ್ನು ನೀವು ಕಣ್ಣಾಡಿಸಿಯೇ ಹಿಡಿಯುತ್ತೀರಿ. ಆದರೆ ಲಾಟ್ ಸಂಖ್ಯೆ 98 ಆಗಿದ್ದರೆ? ಮೊತ್ತ 17,640. ವ್ಯತ್ಯಾಸ 360 ರೂಪಾಯಿ. ಸುಗ್ಗಿಯ ದಿನ ಸಾವಿರಾರು ಚೀಲಗಳ ನಡುವೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಸಂಜೆ ಕಿರ್ದಿ ತಾಳೆ ನೋಡುವಾಗ ನಿಮಗೆ ತಲೆನೋವು, ಅಷ್ಟೆ.

ಈಗ ಪ್ರಶ್ನೆ ಹೀಗೆ: ಇಂಥ ಪ್ರೋಗ್ರಾಮನ್ನು ಓಡಿಸುವ ಮೊದಲೇ, ಬರೆಯುವ ಹಂತದಲ್ಲೇ, "ತೂಕ ಕೇಳಿದ ಕಡೆ ಲಾಟ್ ಸಂಖ್ಯೆ ಕೊಟ್ಟಿದ್ದೀರಿ, ಇದನ್ನು ನಾನು ಒಪ್ಪುವುದಿಲ್ಲ" ಎಂದು ಕಂಪ್ಯೂಟರ್ ತಾನೇ ಹೇಳುವಂತೆ ಮಾಡಬಹುದೇ? ಮಾಡಬಹುದು. ಪ್ರತಿಯೊಂದು ಸಂಖ್ಯೆಗೂ ಅದು ತೂಕವೋ, ದರವೋ, ಹಣವೋ ಎಂಬ ಗುರುತು ಹಚ್ಚಿ, ಯಾವುದನ್ನು ಯಾವುದರ ಜೊತೆ ಕೂಡಿಸಬಹುದು, ಗುಣಿಸಬಹುದು ಎಂಬ ನಿಯಮಗಳನ್ನು ಭಾಷೆಯೊಳಗೇ ಇಡಬೇಕು. ನಮ್ಮ ಕಸುಬಿನಲ್ಲಿ ಈ ಗುರುತಿಗೆ ಟೈಪ್ ಎನ್ನುತ್ತೇವೆ. ಹಳೆಯ ಸಿ ಭಾಷೆಯಲ್ಲಿ ತೂಕ ಎಂಬ ಹೆಸರನ್ನು ನೀವು ಕೊಟ್ಟರೂ ಕಂಪೈಲರ್ ಅದನ್ನು ಒಳಗೊಳಗೇ ಮಾಮೂಲಿ ಪೂರ್ಣಾಂಕವೆಂದೇ ನೋಡುತ್ತದೆ. ರಸ್ಟ್, ಹ್ಯಾಸ್ಕೆಲ್‌ನಂಥ ಭಾಷೆಗಳಲ್ಲಿ ಎರಡನ್ನೂ ಬೇರೆ ಟೈಪ್ ಎಂದು ಒಮ್ಮೆ ಸಾರಿದರೆ ಸಾಕು, ಅದಲು ಬದಲಾದ ಪ್ರೋಗ್ರಾಮ್ ಕಂಪೈಲ್ ಆಗುವುದೇ ಇಲ್ಲ.

ಇದು ಪಟ್ಟಿ ಬರೆಯುವವರ ತಾಪತ್ರಯ ಮಾತ್ರ ಎಂದುಕೊಳ್ಳಬೇಡಿ. 1999ರ ಸೆಪ್ಟೆಂಬರಿನಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಮಂಗಳ ಗ್ರಹವನ್ನು ತಲುಪಿದ ಹೊತ್ತಿಗೇ ಕೈತಪ್ಪಿತು. ಒಂದು ತಂಡದ ಸಾಫ್ಟ್‌ವೇರ್ ಪೌಂಡ್ ಲೆಕ್ಕದಲ್ಲಿ ಅಂಕಿ ಕೊಟ್ಟಿತ್ತು, ಇನ್ನೊಂದು ತಂಡದ ಸಾಫ್ಟ್‌ವೇರ್ ಅದನ್ನು ನ್ಯೂಟನ್ ಎಂದು ಓದಿತ್ತು. ತಿಂಗಳುಗಟ್ಟಲೆ ಸಣ್ಣ ಸಣ್ಣ ತಪ್ಪುಗಳು ಕೂಡುತ್ತಾ ಹೋಗಿ ನೌಕೆ ದಾರಿ ಬಿಟ್ಟಿತು. ನಿಮ್ಮ 360 ರೂಪಾಯಿಯ ಜಾತಿಯ ತಪ್ಪೇ ಅದು. ವಿಚಿತ್ರವೆಂದರೆ, ಅದಕ್ಕೂ ಮೂರು ವರ್ಷ ಮೊದಲೇ, 1996ರಲ್ಲಿ, ಆಂಡ್ರ್ಯೂ ಕೆನಡಿ ಎಂಬ ಸಂಶೋಧಕ ಕೇಂಬ್ರಿಜ್‌ನಲ್ಲಿ ಇದೇ ವಿಷಯದ ಮೇಲೆ ಪಿಎಚ್.ಡಿ. ಪ್ರಬಂಧ ಬರೆದಿದ್ದರು: ಅಳತೆಯ ಮಾನಗಳನ್ನು ಟೈಪ್‌ಗಳಾಗಿ ಭಾಷೆಯೊಳಗೆ ಇಡುವುದು ಹೇಗೆ, ಪ್ರೋಗ್ರಾಮರ್ ಎಲ್ಲ ಕಡೆ ಬರೆದು ಹೇಳದಿದ್ದರೂ ಕಂಪೈಲರ್ ಅದನ್ನು ಊಹಿಸಿಕೊಳ್ಳುವುದು ಹೇಗೆ ಎಂದು. ದಶಕಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಆ ವಿಚಾರ ಮೈಕ್ರೋಸಾಫ್ಟ್‌ನ ಎಫ್ ಶಾರ್ಪ್ ಭಾಷೆಯಲ್ಲಿ ಬಳಕೆಗೆ ಬಂತು.

ಸಂಶೋಧಕರು ದಿನವಿಡೀ ಮಾಡುವುದು ಇದನ್ನೇ. ಒಂದು ಜಾತಿಯ ತಪ್ಪನ್ನು ಆರಿಸಿಕೊಳ್ಳುತ್ತಾರೆ. ಅದು ನುಸುಳದಂತೆ ನಿಯಮ ಕಟ್ಟುತ್ತಾರೆ. ಆ ನಿಯಮ ಪಾಲಿಸಿದ ಯಾವ ಪ್ರೋಗ್ರಾಮಿನಲ್ಲೂ ಆ ತಪ್ಪು ಸಂಭವಿಸದು ಎಂದು ಗಣಿತದ ರೀತಿಯಲ್ಲಿ ಸಾಧಿಸುತ್ತಾರೆ. ಆಮೇಲೆ ನಿಯಮ ಅತಿಯಾಗಿ ಬಿಗಿಯಾಗಿ ಸರಿಯಾದ ಪ್ರೋಗ್ರಾಮುಗಳನ್ನೂ ತಿರಸ್ಕರಿಸುತ್ತಿದೆಯೇ ಎಂದು ಪರೀಕ್ಷಿಸಿ, ಮತ್ತೆ ಸಡಿಲಿಸುತ್ತಾರೆ. ಬಿಗಿ ಮತ್ತು ಸಡಿಲದ ನಡುವಿನ ಈ ಹಗ್ಗಜಗ್ಗಾಟದಲ್ಲೇ ವರ್ಷಗಳು ಕಳೆಯುತ್ತವೆ. ಒಂದು ವಾರ ಕಾಗದದ ಮೇಲೆ ಸಾಧನೆ, ಅಂದರೆ ಗಣಿತದ ಪ್ರೂಫ್, ಬರೆಯುತ್ತಾ, ಮುಂದಿನ ವಾರ ಅದನ್ನೇ ಲೀನ್ ಅಥವಾ ರಾಕ್ ಎಂಬ ಸಾಧನೆ ತಪಾಸಿಸುವ ಸಾಫ್ಟ್‌ವೇರಿಗೆ ಒಪ್ಪಿಸುತ್ತಾ, ಅದು ಹದಿನೇಳನೇ ಸಾಲಿನಲ್ಲಿ ತಕರಾರು ತೆಗೆದಾಗ ಗೊಣಗುತ್ತಾ ಕೂರುವ ಕೆಲಸ. ಇನ್ನು ಕೆಲವರು, ನನ್ನಂಥವರು, ಕಾಗದಕ್ಕಿಂತ ಕಂಪೈಲರ್ ಒಳಗೆ ಕೈಹಾಕುವುದೇ ಹೆಚ್ಚು. ಹೊಸ ಭಾಷೆ ಹುಟ್ಟಿಸಿ, ಅದನ್ನು ಜನ ಬಳಸುವುದನ್ನು ನೋಡುವ ಭಾಗ್ಯ ಈ ಕ್ಷೇತ್ರದ ಹೆಚ್ಚಿನವರಿಗೆ ಇಲ್ಲ, ಅದು ಅವರ ಗುರಿಯೂ ಅಲ್ಲ.

ಹೀಗಾಗಿ "ಇರುವ ಭಾಷೆಗಳೇ ಹೆಚ್ಚಾಗಿವೆ" ಎಂಬ ಮಾತು ಗುರಿ ತಪ್ಪಿದೆ. ಅವಳ ಸೋದರಮಾವ ದಿನವೂ ಜಾವಾದಲ್ಲಿ ಕೋಡ್ ಬರೆಯುತ್ತಿದ್ದರೆ ಅವರ ಕೈಯಲ್ಲಿರುವ ಉಪಕರಣಗಳೇ ಈ ಸಂಶೋಧನೆಯಿಂದ ಬಂದವು. ಬಳಸಿ ಬಿಟ್ಟ ಮೆಮೊರಿಯನ್ನು ತಾನೇ ಗುಡಿಸುವ ವಿದ್ಯೆ 1950ರ ದಶಕದ ಕೊನೆಯಲ್ಲಿ ಲಿಸ್ಪ್ ಎಂಬ ಭಾಷೆಯಲ್ಲಿ ಹುಟ್ಟಿತು, ಸಾಮಾನ್ಯ ಪ್ರೋಗ್ರಾಮರ್ ಮನೆಗೆ ಅದು ತಲುಪಿದ್ದು 1995ರ ಜಾವಾದಿಂದ. ಟೈಪನ್ನು ಕಂಪೈಲರೇ ಊಹಿಸುವ ಬಗ್ಗೆ ರಾಬಿನ್ ಮಿಲ್ನರ್ 1978ರಲ್ಲಿ ಬರೆದರು. ಅದರ ಒಂದು ಸಣ್ಣ ತುಣುಕು ಜಾವಾಕ್ಕೆ ಬಂದದ್ದು 2018ರಲ್ಲಿ. ಈ ಕ್ಷೇತ್ರದ ಬೆಳೆ ಹೀಗೆ ತಡವಾಗಿ ಕೈಗೆ ಬರುತ್ತದೆ. ನಿಮ್ಮ ಮಗಳಿಗೆ ಇದನ್ನು ಈಗಲೇ ಹೇಳಿಬಿಡುವುದು ನ್ಯಾಯ. ತನ್ನ ಕೆಲಸ ಮುಂದಿನ ವರ್ಷ ಲಕ್ಷಾಂತರ ಮೊಬೈಲುಗಳಲ್ಲಿ ಇರಬೇಕು ಎಂಬ ಆಸೆ ಇದ್ದವರಿಗೆ ಇದು ಒಗ್ಗುವುದಿಲ್ಲ.

ಮಾಸ್ತರರ ಮಾತನ್ನು ಬೇಗ ಮುಗಿಸುತ್ತೇನೆ. 1985ರಲ್ಲಿ ರಿಕ್ ಬ್ರಿಗ್ಸ್ ಎಂಬ, ನಾಸಾದ ಏಮ್ಸ್ ಕೇಂದ್ರದಲ್ಲಿದ್ದ ಸಂಶೋಧಕ ಒಂದು ಲೇಖನ ಬರೆದರು. ಸಂಸ್ಕೃತ ವೈಯಾಕರಣರು ವಾಕ್ಯದ ಅರ್ಥವನ್ನು ಬಿಡಿಸಿ ಹೇಳುತ್ತಿದ್ದ ಕ್ರಮವು ಕಂಪ್ಯೂಟರಿನಲ್ಲಿ ಜ್ಞಾನವನ್ನು ನಿರೂಪಿಸುವ ಕೆಲವು ಕ್ರಮಗಳನ್ನು ಹೋಲುತ್ತದೆ ಎಂಬುದು ಅದರ ವಾದ. ಒಬ್ಬರ ಲೇಖನ ಸಂಸ್ಥೆಯ ತೀರ್ಪಾಗಿ, ತೀರ್ಪು ವಾಟ್ಸಾಪ್ ಸಂದೇಶವಾಗಿ ಊರೂರು ಸುತ್ತಿದೆ. ಪಾಣಿನಿಯ ಹಿರಿಮೆಗೆ ಈ ಸುಳ್ಳಿನ ಆಸರೆ ಬೇಕಿಲ್ಲ. ಪ್ರೋಗ್ರಾಮಿಂಗ್ ಭಾಷೆಗಳ ವ್ಯಾಕರಣ ಬರೆಯಲು ನಾವು ಬಳಸುವ ಬ್ಯಾಕಸ್-ನೌರ್ ಪದ್ಧತಿಗೆ ಪಾಣಿನಿಯ ಹೆಸರನ್ನೂ ಸೇರಿಸಬೇಕೆಂದು 1967ರಲ್ಲೇ ಇಂಗರ್ಮನ್ ಎಂಬವರು ಕಂಪ್ಯೂಟರ್ ವಿಜ್ಞಾನದ ಪ್ರತಿಷ್ಠಿತ ಪತ್ರಿಕೆಯೊಂದಕ್ಕೆ ಬರೆದಿದ್ದರು. ಸಂಸ್ಕೃತ ಕಲಿಯುವುದಾದರೆ ಕಲಿಯಲಿ, ಸಂತೋಷಕ್ಕೆ. ಈ ಪಿಎಚ್.ಡಿ.ಗೂ ಅದಕ್ಕೂ ಸಂಬಂಧವಿಲ್ಲ.

ಎಐ ಮಾತಿಗೆ ಹೆಚ್ಚು ಜಾಗ ಬೇಕು, ಏಕೆಂದರೆ ಅದರಲ್ಲಿ ಅರ್ಧ ನಿಜವಿದೆ.

ಕೋಡನ್ನು ಯಂತ್ರವೇ ಬರೆಯುತ್ತದೆ ಎಂಬ ಘೋಷಣೆ ಹೊಸದಲ್ಲ. 1957ರಲ್ಲಿ ಜಾನ್ ಬ್ಯಾಕಸ್ ಅವರ ತಂಡ ಐಬಿಎಂನಲ್ಲಿ ಫೋರ್ಟ್ರಾನ್ ಕಂಪೈಲರನ್ನು ಹೊರತಂದಾಗ ಅದನ್ನು ಕರೆದದ್ದೇ 'ಸ್ವಯಂಚಾಲಿತ ಕೋಡಿಂಗ್ ವ್ಯವಸ್ಥೆ' ಎಂದು. ಯಂತ್ರದ ಸಂಕೇತಗಳನ್ನು ಕೈಯಾರೆ ಬರೆಯುತ್ತಿದ್ದ ಅಂದಿನ ಪ್ರೋಗ್ರಾಮರುಗಳು ಮೂಗು ಮುರಿದರು. ಯಂತ್ರ ಬರೆದದ್ದು ನಮ್ಮಷ್ಟು ಚುರುಕಾಗಿ ಓಡೀತೇ ಎಂಬುದು ಅವರ ಅನುಮಾನ. ಓಡಿತು. ಪ್ರೋಗ್ರಾಮರುಗಳ ಸಂಖ್ಯೆ ಕುಗ್ಗಲಿಲ್ಲ, ಬೆಳೆಯಿತು.

ಹಾಗೆಂದು ಈಗಲೂ ಹಾಗೆಯೇ ಆಗುತ್ತದೆ ಎಂದು ನಾನು ಬರೆದುಕೊಡಲಾರೆ. ಆ ಕಂಪೈಲರಿಗೂ ಇಂದಿನ ಎಐಗೂ ಒಂದು ದೊಡ್ಡ ವ್ಯತ್ಯಾಸವಿದೆ, ನಿಮ್ಮ ಮಗಳ ವಿಷಯದ ಭವಿಷ್ಯವೂ ಅಲ್ಲೇ ಅಡಗಿದೆ. ಕಂಪೈಲರಿಗೆ ಒಂದು ಕರಾರು ಇದೆ: ಬರೆದ ಪ್ರೋಗ್ರಾಮಿನ ಅರ್ಥ ಏನೋ, ಹುಟ್ಟಿಸಿದ ಯಂತ್ರಸಂಕೇತದ ಅರ್ಥವೂ ಅದೇ. ಕರಾರು ಮುರಿದರೆ ಅದು ಕಂಪೈಲರಿನ ದೋಷ, ತೋರಿಸಿ ಸರಿಪಡಿಸಬಹುದು. ಎಐ ಬಳಿ ನೀವು ಇಡುವುದು ಮಾತಿನ ಬೇಡಿಕೆ. ಅದಕ್ಕೆ ಇಂಥದ್ದೇ ಎಂಬ ಒಂದು ಅರ್ಥವಿಲ್ಲ, ಆದ್ದರಿಂದ ಕರಾರೂ ಇಲ್ಲ. ಬರುವ ಕೋಡ್ ನೋಡಲು ಸರಿಯಾಗಿಯೇ ಇರುತ್ತದೆ, ಬಹುಪಾಲು ಸಲ ಸರಿಯಾಗಿಯೂ ಇರುತ್ತದೆ. ತಪ್ಪಿದಾಗ 360 ರೂಪಾಯಿಯಷ್ಟೇ ಸದ್ದಿಲ್ಲದೆ ತಪ್ಪುತ್ತದೆ. ಮನುಷ್ಯ ಬರೆದ ಕೋಡಿನ ರಾಶಿಯನ್ನೇ ಓದಿ ಮುಗಿಸಲಾಗದವರು ಯಂತ್ರ ಒಂದು ಮಧ್ಯಾಹ್ನದಲ್ಲಿ ಸುರಿಯುವುದನ್ನು ಓದಿ ಒಪ್ಪಿಗೆ ಕೊಡುವುದು ಹೇಗೆ? ಬರೆದವರು ಯಾರೇ ಇರಲಿ, ಬರೆದದ್ದಕ್ಕೆ ಖಾತರಿ ಕೊಡುವ ವಿದ್ಯೆ ಬೇಕಾಗುತ್ತದೆ. ಟೈಪ್ ವ್ಯವಸ್ಥೆ, ಪ್ರೋಗ್ರಾಮ್ ವಿಶ್ಲೇಷಣೆ, ಔಪಚಾರಿಕ ಸಾಧನೆ ಇವೆಲ್ಲ ಆ ವಿದ್ಯೆಯ ಅಂಗಗಳು.

ಖಾತರಿ ಎಂದರೆ ಎಷ್ಟು ಗಟ್ಟಿ ಎಂಬುದಕ್ಕೆ ಒಂದು ನಿದರ್ಶನ. ಫ್ರಾನ್ಸಿನ ಇನ್ರಿಯಾ ಸಂಸ್ಥೆಯಲ್ಲಿ ಕ್ಸಾವಿಯೇ ಲೆರ್ವಾ ಅವರ ನೇತೃತ್ವದಲ್ಲಿ ಕಾಂಪ್‌ಸರ್ಟ್ ಎಂಬ ಸಿ ಕಂಪೈಲರನ್ನು ಗಣಿತ ಸಾಧನೆಯೊಂದಿಗೇ ಕಟ್ಟಿದರು. 2011ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು ಯಾದೃಚ್ಛಿಕವಾಗಿ ಸಿ ಪ್ರೋಗ್ರಾಮುಗಳನ್ನು ಹುಟ್ಟಿಸಿ ಕಂಪೈಲರುಗಳನ್ನು ಜಾಲಾಡಿದ ಫಲಿತಾಂಶ ಪ್ರಕಟಿಸಿದರು. ಜಗತ್ತೆಲ್ಲ ಬಳಸುವ ಕಂಪೈಲರುಗಳಲ್ಲಿ 325ಕ್ಕೂ ಹೆಚ್ಚು ದೋಷಗಳು ಸಿಕ್ಕವು. ಕಾಂಪ್‌ಸರ್ಟ್‌ನಲ್ಲಿ ಸಾಧನೆಗೆ ಒಳಪಟ್ಟ ಭಾಗದಲ್ಲಿ ತಪ್ಪು ಕೋಡ್ ಹುಟ್ಟಿಸುವ ಒಂದು ದೋಷವೂ ಸಿಗಲಿಲ್ಲ. ಸಾಧನೆಗೆ ಒಳಪಡದ ಭಾಗಗಳಲ್ಲಿ ಮಾತ್ರ ಸಿಕ್ಕವು.

ಮೈಕ್ರೋಸಾಫ್ಟ್ 2019ರಲ್ಲಿ ಹೇಳಿದಂತೆ ಅದು ಸರಿಪಡಿಸುವ ಭದ್ರತಾ ದೋಷಗಳಲ್ಲಿ ಶೇ. 70ರಷ್ಟು ಮೆಮೊರಿಯನ್ನು ತಪ್ಪಾಗಿ ಬಳಸಿದ್ದರಿಂದ ಆದವು. ಆ ಇಡೀ ಜಾತಿಯನ್ನೇ ತಡೆಯಲು ಹೊರಟ ರಸ್ಟ್ ಭಾಷೆ 2006ರಲ್ಲಿ ಗ್ರೇಡನ್ ಹೋರ್ ಎಂಬ ಮೊಜಿಲ್ಲಾ ಉದ್ಯೋಗಿಯ ಬಿಡುವಿನ ಕೆಲಸವಾಗಿ ಶುರುವಾಯಿತು. ಅವರಿದ್ದ ಕಟ್ಟಡದ ಲಿಫ್ಟ್ ಸಾಫ್ಟ್‌ವೇರ್ ಕೆಟ್ಟು ನಿಂತಿತ್ತಂತೆ, ಇಪ್ಪತ್ತೊಂದನೇ ಮಹಡಿಗೆ ಮೆಟ್ಟಿಲು ಹತ್ತಬೇಕಾಯಿತಂತೆ. 2015ರಲ್ಲಿ ಅದರ ಮೊದಲ ಪೂರ್ಣ ಆವೃತ್ತಿ ಬಂತು, 2022ರ ಕೊನೆಗೆ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ ಒಳಗೂ ಜಾಗ ಸಿಕ್ಕಿತು. ಆ ಭಾಷೆಯ ನಿಯಮಗಳು ನಿಜಕ್ಕೂ ಕಾಯುತ್ತವೆಯೇ ಎಂದು 2018ರಲ್ಲಿ ಸಾಧಿಸಿ ತೋರಿಸಲು ಮುಂದಾದದ್ದು ಜರ್ಮನಿಯ ಸಂಸ್ಥೆಯೊಂದರ ನೇತೃತ್ವದ ಸಂಶೋಧಕರ ಒಂದು ಗುಂಪು. ಅದರಲ್ಲಿ ಪಿಎಚ್.ಡಿ. ವಿದ್ಯಾರ್ಥಿಯೊಬ್ಬರೂ ಇದ್ದರು.

ಸೋದರಮಾವನ ಮಾತಿನಲ್ಲಿ ನಿಜವಾದ ಅರ್ಧವನ್ನೂ ಹೇಳಬೇಕು. ಈ ಕ್ಷೇತ್ರದ ಒಳಗಿನ ದಿನಗೂಲಿಯಂಥ ಕೆಲಸಗಳನ್ನು, ಅಂದರೆ ಮಾಮೂಲಿ ಸಾಧನೆಗಳನ್ನು ಬರೆಯುವುದು, ಮಾದರಿ ಕಂಪೈಲರ್ ಕಟ್ಟುವುದು ಇವನ್ನು ಎಐ ಈಗಾಗಲೇ ಕೈಗೆತ್ತಿಕೊಳ್ಳುತ್ತಿದೆ. 2024ರಲ್ಲಿ ಗೂಗಲ್ ಡೀಪ್‌ಮೈಂಡ್‌ನ ವ್ಯವಸ್ಥೆಯೊಂದು ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ನ ಲೆಕ್ಕಗಳಿಗೆ ಲೀನ್ ಭಾಷೆಯಲ್ಲಿ ಸಾಧನೆ ಬರೆಯಿತು. ನಾಳೆಯ ಸಂಶೋಧಕಿಗೆ ಏನನ್ನು ಸಾಧಿಸಬೇಕು ಎಂದು ನಿರ್ಧರಿಸುವ ಬುದ್ಧಿ ಬೇಕಾಗುತ್ತದೆ, ಸಾಧಿಸುವ ಶ್ರಮ ಒಂದರಿಂದ ಹೆಸರು ಬರುವುದಿಲ್ಲ. ಮಧ್ಯಮ ದರ್ಜೆಯ ಪಿಎಚ್.ಡಿ.ಗೆ ಮೊದಲಿದ್ದ ಬೆಲೆ ಇಳಿಯಬಹುದು. ಆದರೆ ಇದೇ ಅಪಾಯ, ಇನ್ನೂ ಬೇಗನೆ, ಕ್ಯಾಂಪಸ್ ಸಂದರ್ಶನದಲ್ಲಿ ಸಿಗುವ ಪ್ರಾರಂಭಿಕ ಕೋಡಿಂಗ್ ಕೆಲಸಕ್ಕೂ ಇದೆ. ಸೋದರಮಾವ ಅದನ್ನು ಹೇಳಿದಂತೆ ಕಾಣುವುದಿಲ್ಲ.

ಇನ್ನು ಹಿನ್ನೆಲೆಯ ಮಾತು. ಕನ್ನಡ ಮಾಧ್ಯಮ, ಸಾಲ, ಗಣಿತದ ಅಂಕ ಇವನ್ನು ನೋಡಿ ಇಂಥವರಿಗೆ ಇದು ಆಗದು ಎಂದು ನೀವು ಅಂದುಕೊಂಡಿದ್ದರೆ, ಫ್ರಾನ್ಸಿಸ್ ಅಲೆನ್ ಎಂಬ ಹೆಣ್ಣುಮಗಳ ಬಗ್ಗೆ ತಿಳಿದುಕೊಳ್ಳಿ. ನ್ಯೂಯಾರ್ಕ್ ರಾಜ್ಯದ ಪೆರು ಎಂಬ ಹಳ್ಳಿಯ ರೈತನ ಮಗಳು. ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಗಣಿತ ಓದಿ ಶಾಲೆಯಲ್ಲಿ ಪಾಠ ಹೇಳಿದರು, ಆಮೇಲೆ ಮಿಷಿಗನ್‌ನಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಓದಿನ ಸಾಲ ತೀರಿಸಿ ಮತ್ತೆ ಶಾಲೆಗೆ ಮರಳುವ ಲೆಕ್ಕದಲ್ಲಿ 1957ರಲ್ಲಿ ಐಬಿಎಂ ಸೇರಿದರು. ಮೊದಲ ಕೆಲಸ, ಆಗಷ್ಟೇ ಬಂದಿದ್ದ ಫೋರ್ಟ್ರಾನನ್ನು ಕಲಿಯಲು ಮನಸ್ಸಿಲ್ಲದ ಅಲ್ಲಿನ ವಿಜ್ಞಾನಿಗಳಿಗೆ ಕಲಿಸುವುದು. ಕಲಿಸಬೇಕಾದರೆ ತಾನು ತಿಳಿಯಬೇಕಲ್ಲ, ಆ ಕಂಪೈಲರಿನ ಒಳಗನ್ನು ಓದಿದರು. ಓದುತ್ತಾ ಅದರಲ್ಲೇ ನಿಂತರು. 2002ರವರೆಗೆ ಅಲ್ಲೇ ಇದ್ದು, ಪ್ರೋಗ್ರಾಮನ್ನು ವಿಶ್ಲೇಷಿಸಿ ಚುರುಕುಗೊಳಿಸುವ ಶಾಸ್ತ್ರಕ್ಕೆ ಅಡಿಪಾಯ ಹಾಕಿದರು. ಕಂಪ್ಯೂಟರ್ ವಿಜ್ಞಾನದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿ 2006ರ ಸಾಲಿಗೆ ಅವರಿಗೆ ಬಂತು. ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ. ಅವರ ಬಳಿ ಪಿಎಚ್.ಡಿ. ಇರಲಿಲ್ಲ. ಇಂದು ಆ ದಾರಿ ಅಷ್ಟು ಸಲೀಸಲ್ಲ, ನಿಜ. ನಾನು ಇದನ್ನು ಹೇಳಿದ್ದು ಕೆಲಸಕ್ಕೆ ಸೇರುವುದೆಂದರೆ ಸಂಶೋಧನೆಗೆ ಬಾಗಿಲು ಮುಚ್ಚಿದಂತೆ ಎಂದು ನಿಮ್ಮ ಮಗಳು ತಿಳಿದಂತಿದೆ ಎಂಬ ಕಾರಣಕ್ಕೆ.

ಗಣಿತದ ಅಂಕದ ಬಗ್ಗೆ: ಅಂಕ ಹೋಗಿದ್ದು ಯಾವುದರಲ್ಲಿ ಎಂದು ಕೇಳಿ. ಲ್ಯಾಪ್ಲಾಸ್, ಫೂರಿಯೆ, ಅವಕಲ ಸಮೀಕರಣಗಳಲ್ಲಿ ಹೋಗಿದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಈ ಕ್ಷೇತ್ರಕ್ಕೆ ಬೇಕಾದದ್ದು ತರ್ಕ, ಗಣ ಸಿದ್ಧಾಂತ, ಗಣಿತಾನುಗಮನ (ಇಂಡಕ್ಷನ್). ಡಿಸ್ಕ್ರೀಟ್ ಮ್ಯಾಥಮ್ಯಾಟಿಕ್ಸ್ ಮತ್ತು ಆಟೊಮಾಟಾ ಪತ್ರಿಕೆಗಳಲ್ಲಿ ಅವಳ ಮನಸ್ಸು ಹತ್ತಿತ್ತೇ ಎಂಬುದು ಮುಖ್ಯ. ಅಲ್ಲೂ ಬೇಸರವೇ ಆಗಿದ್ದರೆ ಅದು ಗಂಭೀರವಾದ ಸೂಚನೆ. ಇಂಗ್ಲಿಷ್ ವಿಚಾರಕ್ಕೆ ಬಂದರೆ, ಪ್ರಬಂಧಗಳನ್ನು ಇಂಗ್ಲಿಷಿನಲ್ಲೇ ಬರೆಯಬೇಕು, ಅದರಲ್ಲಿ ರಿಯಾಯಿತಿ ಇಲ್ಲ. ಆದರೆ ಅಲ್ಲಿ ಬೇಕಾಗುವುದು ನೇರವಾದ, ಚಿಕ್ಕ ವಾಕ್ಯಗಳ ಇಂಗ್ಲಿಷ್. ಕನ್ನಡ ಮಾಧ್ಯಮದಿಂದ ಬಂದವರು ಬರೆಯುತ್ತಾ ಬರೆಯುತ್ತಾ ಅದನ್ನು ರೂಢಿಸಿಕೊಳ್ಳುವುದನ್ನು ನೋಡಿದ್ದೇನೆ. ಭಾಷಣದ ಇಂಗ್ಲಿಷ್ ಬಾಯಿಗೆ ಬರಲು ಮಾತ್ರ ಹೆಚ್ಚು ಕಾಲ ಹಿಡಿಯುತ್ತದೆ.

ಈಗ ಹಣ. ನಿಮ್ಮ ಸಾಲಕ್ಕೆ ಬಡ್ಡಿ ನೂರಕ್ಕೆ ಹತ್ತು ಎಂದಿಟ್ಟುಕೊಳ್ಳಿ. ವರ್ಷಕ್ಕೆ 40,000. ಏಳು ವರ್ಷಕ್ಕೆ ಕಂತು ಮಾಡಿಕೊಂಡರೆ ತಿಂಗಳಿಗೆ 6,600ರ ಆಸುಪಾಸು. ಗೇಟ್ ಎಂಬ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯ ಮೂಲಕ ಎಂ.ಟೆಕ್. ಸೇರಿದರೆ ತಿಂಗಳಿಗೆ 12,400 ರೂಪಾಯಿ ಸಿಗುತ್ತದೆ. ಅದರಲ್ಲಿ ಹಾಸ್ಟೆಲ್ ಮತ್ತು ಊಟ ಕಳೆದು ಕಂತು ಕಟ್ಟುವುದು ಆಗದ ಮಾತು, ಎರಡು ವರ್ಷ ನೀವು ಬಡ್ಡಿಯನ್ನಾದರೂ ಹೊರಬೇಕು. ಐಐಎಸ್‌ಸಿ, ಐಐಟಿಗಳಲ್ಲಿ ಬಿ.ಇ. ಮುಗಿಸಿದವರಿಗೆ ನೇರ ಪಿಎಚ್.ಡಿ. ಪ್ರವೇಶವೂ ಉಂಟು. ಅಲ್ಲಿ 2023ರ ಪರಿಷ್ಕರಣೆಯಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000. ಅಂದರೆ ಆರಂಭದಲ್ಲಿ ವರ್ಷಕ್ಕೆ 4.44 ಲಕ್ಷ. ದೊಡ್ಡ ಸೇವಾ ಕಂಪನಿಗಳು ಹೊಸಬರಿಗೆ ಸಾಮಾನ್ಯವಾಗಿ ಕೊಡುತ್ತಾ ಬಂದಿರುವ ಪ್ಯಾಕೇಜಿಗಿಂತ ಇದು ಕಡಿಮೆಯಲ್ಲ, ಕಂತನ್ನೂ ಕಟ್ಟಬಹುದು. ವ್ಯತ್ಯಾಸ ಕಾಣುವುದು ಐದನೇ ವರ್ಷದಲ್ಲಿ. ಕಂಪನಿ ಸೇರಿದ ಗೆಳತಿಯ ಸಂಬಳ ಮೇಲೇರಿರುತ್ತದೆ, ಇವಳು ಇನ್ನೂ ಪ್ರಬಂಧ ತಿದ್ದುತ್ತಿರುತ್ತಾಳೆ. ಮದುವೆ ಮುಂಜಿಗಳಲ್ಲಿ ಜನ ಇದನ್ನು ನಿಮಗೆ ನೆನಪಿಸುತ್ತಾರೆ. ಅದಕ್ಕೆ ನೀವು ಗಟ್ಟಿಯಾಗಿದ್ದೀರೋ ಇಲ್ಲವೋ ನೀವೇ ನೋಡಿಕೊಳ್ಳಬೇಕು.

ನೇರ ಪಿಎಚ್.ಡಿ.ಯ ಆಮಿಷ ದೊಡ್ಡದು, ಆದರೂ ನನ್ನ ಒಲವು ಐಐಎಸ್‌ಸಿಯ ಕಂಪ್ಯೂಟರ್ ವಿಜ್ಞಾನ ಮತ್ತು ಸ್ವಯಂಚಾಲನ ವಿಭಾಗದಂಥ ಕಡೆ ಇರುವ ಸಂಶೋಧನಾಧಾರಿತ ಎಂ.ಟೆಕ್. ಕಡೆಗೆ. ಮನಸ್ಸು ಹತ್ತಿದರೆ ಮುಂದುವರಿಯಬಹುದು. ಹತ್ತದಿದ್ದರೆ ಪದವಿ ಕೈಯಲ್ಲಿಟ್ಟುಕೊಂಡು ಹೊರಬರಬಹುದು. ಪಿಎಚ್.ಡಿ. ಅರ್ಧಕ್ಕೆ ಬಿಟ್ಟವರು ಅನೇಕ ಸಲ ಬರಿಗೈಯಲ್ಲಿ ಬರುತ್ತಾರೆ, ಕುಗ್ಗಿ ಹೋಗಿರುತ್ತಾರೆ. ಹಾಗೆ ಆಗುವುದು ವಿಷಯ ಕಠಿಣವೆಂಬುದಕ್ಕಿಂತ ಮಾರ್ಗದರ್ಶಕರ ಜೊತೆ ಹೊಂದಿಕೆ ತಪ್ಪಿದ್ದರಿಂದಲೇ ಹೆಚ್ಚು. ಸಂಸ್ಥೆಯ ಹೆಸರಿಗಿಂತ ಆ ಮಾರ್ಗದರ್ಶಕರ ಹಿಂದಿನ ವಿದ್ಯಾರ್ಥಿಗಳು ಎಷ್ಟು ವರ್ಷದಲ್ಲಿ ಮುಗಿಸಿದರು, ಈಗ ಎಲ್ಲಿದ್ದಾರೆ ಎಂದು ವಿಚಾರಿಸುವುದು ಲಾಭದ ಕೆಲಸ. ವಿದ್ಯಾರ್ಥಿಗಳಿಗೇ ಇಮೇಲ್ ಬರೆದು ಕೇಳಬೇಕು, ಹೆಚ್ಚಿನವರು ಉತ್ತರಿಸುತ್ತಾರೆ. ವಿದೇಶದ ಪಿಎಚ್.ಡಿ.ಯಲ್ಲಿ ಶುಲ್ಕ ಮನ್ನಾ ಮತ್ತು ಜೀವನವೆಚ್ಚ ಎರಡೂ ಸಿಗುವುದು ವಾಡಿಕೆ, ಹೊಸ ಸಾಲ ಮಾಡಬೇಕಾಗಿಲ್ಲ. ಆದರೆ ಸಂಶೋಧನೆಯ ಅನುಭವ ಮತ್ತು ಅದನ್ನು ಕಂಡವರ ಶಿಫಾರಸು ಪತ್ರವಿಲ್ಲದೆ ಪ್ರವೇಶ ಕಷ್ಟ. ಸಾಲ ಮಾಡಿ ವಿದೇಶದಲ್ಲಿ ಎಂ.ಎಸ್. ಮಾಡಿ ಆಮೇಲೆ ಪಿಎಚ್.ಡಿ. ನೋಡೋಣ ಎಂದು ಯಾರಾದರೂ ಸಲಹೆ ಕೊಟ್ಟರೆ, ನಿಮ್ಮ ಮನೆಯ ಸ್ಥಿತಿಯಲ್ಲಿ ನಾನು ಅದನ್ನು ಬೇಡ ಎನ್ನುತ್ತೇನೆ. ಮನೆಯ ಹತ್ತಿರ ಯಾವುದೋ ಒಂದು ಕಡೆ ಹೆಸರು ನೋಂದಾಯಿಸಿ, ಹಣ ಕೊಟ್ಟರೆ ಏನನ್ನೂ ಅಚ್ಚು ಹಾಕುವ ಪತ್ರಿಕೆಗಳಲ್ಲಿ ಲೇಖನ ಹಾಕಿ ಪಿಎಚ್.ಡಿ. ಮುಗಿಸುವ ದಾರಿಯೂ ಇದೆ. ಅದು ಬಡ್ತಿಗೆ ಆದೀತು, ಈ ಕ್ಷೇತ್ರದಲ್ಲಿ ಅದಕ್ಕೆ ಕಿಮ್ಮತ್ತಿಲ್ಲ.

ಉಳಿದದ್ದು ಕೆಲಸಕ್ಕೆ ಸೇರುವ ದಾರಿ. ಮಗಳು ಕ್ಯಾಂಪಸ್ ಸಂದರ್ಶನಕ್ಕೆ ಕೂರಲಿ. ಕೈಯಲ್ಲಿ ಒಂದು ನೇಮಕಾತಿ ಪತ್ರ ಇದ್ದರೆ ಗೇಟ್ ಕೈಕೊಟ್ಟರೂ ನಿದ್ದೆ ಬರುತ್ತದೆ. ಸಹಿ ಮಾಡುವ ಮೊದಲು ಬಾಂಡ್ ಷರತ್ತು ಮಾತ್ರ ಓದಿ, ನಡುವೆ ಬಿಟ್ಟರೆ ದಂಡ ಎಷ್ಟು ಎಂದು. ಚಿಪ್ ತಯಾರಿಸುವ ಕಂಪನಿಗಳು ಬೆಂಗಳೂರು, ಹೈದರಾಬಾದ್‌ಗಳಲ್ಲಿ ಕಂಪೈಲರ್ ತಂಡಗಳನ್ನು ಇಟ್ಟುಕೊಂಡಿವೆ. ಎಐ ಲೆಕ್ಕಾಚಾರವೆಲ್ಲ ಅವರ ಚಿಪ್ಪುಗಳ ಮೇಲೆ ಓಡಬೇಕಾದ್ದರಿಂದ ಆ ತಂಡಗಳಿಗೆ ಬೇಡಿಕೆ ಇದೆ. ಎಲ್‌ಎಲ್‌ವಿಎಂ ಎಂಬ ಮುಕ್ತ ಕಂಪೈಲರಿನಲ್ಲಿ ಒಂದಿಷ್ಟು ದುರಸ್ತಿ ಮಾಡಿ ತೋರಿಸಿದ ಬಿ.ಇ. ವಿದ್ಯಾರ್ಥಿಗೂ ಅಲ್ಲಿ ಬಾಗಿಲು ತೆರೆಯಬಹುದು. ಆ ಎಲ್‌ಎಲ್‌ವಿಎಂ ಕೂಡ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 2000ದಲ್ಲಿ ಒಬ್ಬ ಸ್ನಾತಕೋತ್ತರ ವಿದ್ಯಾರ್ಥಿ ಮತ್ತು ಅವನ ಗುರು ಶುರು ಮಾಡಿದ ಕೆಲಸ.

ಇಷ್ಟೆಲ್ಲ ಹೇಳಿದ ಮೇಲೂ, ಒಂದು ಉಪನ್ಯಾಸ ಕೇಳಿ ಬಂದ ಉತ್ಸಾಹವನ್ನು ನಾನು ಪೂರ್ತಿ ನಂಬುವುದಿಲ್ಲ. ಪರೀಕ್ಷಿಸುವುದು ಸುಲಭ. ಆರನೇ ಮತ್ತು ಏಳನೇ ಸೆಮಿಸ್ಟರ್ ನಡುವಿನ ರಜೆಯಲ್ಲಿ ಅವಳು ತಾನೇ ಒಂದು ಪುಟ್ಟ ಭಾಷೆಗೆ ಇಂಟರ್ಪ್ರೆಟರ್, ಅಂದರೆ ಆ ಭಾಷೆಯ ಪ್ರೋಗ್ರಾಮನ್ನು ಓದಿ ಓಡಿಸುವ ಸಾಫ್ಟ್‌ವೇರ್, ಬರೆಯಲಿ, ಎಐ ಸಹಾಯವಿಲ್ಲದೆ. ಮೊದಲು ಕೂಡುವುದು, ಗುಣಿಸುವುದು. 2 + 3 × 4 ಕೊಟ್ಟರೆ 20 ಬಾರದೆ 14 ಬರಬೇಕು, ಅಲ್ಲೇ ಒಂದು ದಿನ ಹೋಗುತ್ತದೆ. ಆಮೇಲೆ ಹೆಸರಿಟ್ಟ ಬೆಲೆಗಳು, ಆಮೇಲೆ ಫಂಕ್ಷನ್‌ಗಳು, ಅಂದರೆ ಒಮ್ಮೆ ಬರೆದಿಟ್ಟು ಬೇಕಾದ ಕಡೆ ಕರೆದು ಬಳಸುವ ಲೆಕ್ಕದ ತುಣುಕುಗಳು. ಫಂಕ್ಷನ್‌ಗೆ ಬಂದಾಗ ಒಂದು ಇಕ್ಕಟ್ಟು ಎದುರಾಗುತ್ತದೆ. ಫಂಕ್ಷನ್ ಒಳಗೆ 'ದರ' ಎಂಬ ಹೆಸರು ಇದೆ. ಅದನ್ನು ಬರೆದ ಕಡೆ ದರ 18,000 ಆಗಿತ್ತು, ಕರೆದ ಕಡೆ ದರ 20,000 ಆಗಿದೆ. ಯಾವುದನ್ನು ಹಿಡಿಯಬೇಕು? ಆರಂಭದ ಲಿಸ್ಪ್ ಕರೆದ ಕಡೆಯದನ್ನು ಹಿಡಿಯುತ್ತಿತ್ತು, ಇಂದಿನ ಬಹುತೇಕ ಭಾಷೆಗಳು ಬರೆದ ಕಡೆಯದನ್ನು ಹಿಡಿಯುತ್ತವೆ. "ಏನೋ ಒಂದು, ಓಡಿದರೆ ಸಾಕು" ಎಂದು ಅವಳು ಮುಂದೆ ಸಾಗಿದರೆ ಒಳ್ಳೆಯ ಇಂಜಿನಿಯರ್ ಆದಾಳು, ಸಂಶೋಧನೆ ಬೇಡ. ಎರಡನ್ನೂ ಮಾಡಿ ನೋಡಿ, ಒಂದು ಯಾಕೆ ತಪ್ಪು ದಾರಿಗೆ ಎಳೆಯುತ್ತದೆ ಎಂದು ಊಟದ ಹೊತ್ತಿನಲ್ಲಿ ನಿಮ್ಮ ತಲೆ ತಿಂದರೆ, ಅವಳನ್ನು ತಡೆಯಬೇಡಿ. ಕೊನೆಗೆ ಒಂದು ಟೈಪ್ ತಪಾಸಣೆ ಸೇರಿಸಲಿ: ತೂಕವನ್ನು ದರಕ್ಕೆ ಕೂಡಿಸಿದರೆ ಒಪ್ಪಬಾರದು.

ಇದಕ್ಕೆ ದುಡ್ಡು ಖರ್ಚಿಲ್ಲ. ಫಂಕ್ಷನಲ್ ಪ್ರೋಗ್ರಾಮಿಂಗ್ ಮತ್ತು ಕಂಪೈಲರ್ ಪಾಠಗಳು ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಪಾಠತಾಣದಲ್ಲಿ ಉಚಿತವಾಗಿವೆ. ಈ ಕ್ಷೇತ್ರದ ಮುಖ್ಯ ಸಮ್ಮೇಳನಗಳಾದ ಪಾಪಲ್, ಪಿಎಲ್‌ಡಿಐ ಮೊದಲಾದವುಗಳ ಪ್ರಬಂಧಗಳನ್ನು ಈಗ ಯಾರು ಬೇಕಾದರೂ ಹಣ ಕೊಡದೆ ಓದಬಹುದು. 2015ರ ಪಾಪಲ್ ಮುಂಬೈಯಲ್ಲೇ ನಡೆದಿತ್ತು. ಸಮ್ಮೇಳನಗಳ ಜೊತೆ ಹೊಸ ವಿದ್ಯಾರ್ಥಿಗಳಿಗಾಗಿ ಮಾರ್ಗದರ್ಶನ ಕಾರ್ಯಾಗಾರ ಇರುತ್ತದೆ, ಅರ್ಜಿ ಹಾಕಿದವರಲ್ಲಿ ಆಯ್ಕೆಯಾದವರಿಗೆ ಪ್ರಯಾಣದ ನೆರವೂ ಸಿಗುತ್ತದೆ. ಧಾರವಾಡದಲ್ಲಿ ಐಐಟಿಯೂ ಇದೆ, ಐಐಐಟಿಯೂ ಇದೆ. ಹುಬ್ಬಳ್ಳಿಯಿಂದ ಚಿಗರಿ ಬಸ್ ಹತ್ತಿದರೆ ಧಾರವಾಡ ಎಷ್ಟು ದೂರ? ಅಲ್ಲಿ ಕಂಪೈಲರ್ ಅಥವಾ ತರ್ಕಶಾಸ್ತ್ರ ಕಲಿಸುವ ಅಧ್ಯಾಪಕರಿಗೆ, ಇಂಟರ್ಪ್ರೆಟರಿನ ಕೊಂಡಿ ಹಾಕಿ, ಐದು ಸಾಲಿನ ಪತ್ರ ಬರೆದು ಬೇಸಿಗೆ ಇಂಟರ್ನ್‌ಶಿಪ್ ಕೇಳಲಿ. "ಗೌರವಾನ್ವಿತರೇ, ನಿಮ್ಮ ಸಂಶೋಧನೆಯಿಂದ ಸ್ಫೂರ್ತಿಗೊಂಡು" ಎಂದು ಶುರುವಾಗುವ ಪತ್ರಗಳನ್ನು ನಾವು ತೆರೆಯುವುದೇ ಕಡಿಮೆ. "ನಾನು ಇದನ್ನು ಬರೆದೆ, ಇಲ್ಲಿ ಸಿಕ್ಕಿಹಾಕಿಕೊಂಡೆ" ಎಂದು ಶುರುವಾದರೆ ಖಂಡಿತ ಓದುತ್ತೇವೆ.

ದಿನಾಂಕಗಳನ್ನು ಗಮನದಲ್ಲಿಡಿ. ಗೇಟ್ ಅರ್ಜಿ ಸಾಮಾನ್ಯವಾಗಿ ಆಗಸ್ಟ್ ಕೊನೆಗೆ ತೆರೆಯುತ್ತದೆ, ಪರೀಕ್ಷೆ ಫೆಬ್ರವರಿಯಲ್ಲಿ. ಅಂಕ ಮೂರು ವರ್ಷ ಊರ್ಜಿತ, ಆದ್ದರಿಂದ ಪರೀಕ್ಷೆ ಬರೆದು ಒಂದೆರಡು ವರ್ಷ ಕೆಲಸ ಮಾಡಿ, ಸಾಲದ ಭಾರ ಇಳಿಸಿ ಸೇರುವುದಕ್ಕೂ ಅವಕಾಶವಿದೆ. ನಿಮ್ಮ ಮನೆಗೆ ಇದೇ ಹೆಚ್ಚು ಹೊಂದುತ್ತದೆ ಎಂದು ನನಗನ್ನಿಸುತ್ತದೆ, ಮಗಳಿಗೆ ಇದು ಇಷ್ಟವಾಗದಿದ್ದರೂ. ಬ್ಯಾಂಕಿಗೆ ಹೋಗಿ ಎರಡು ಸಂಗತಿಗಳನ್ನು ಲಿಖಿತವಾಗಿ ಕೇಳಿ: ಮುಂದಿನ ಓದಿಗೆ ಸೇರಿದರೆ ಕಂತು ಆರಂಭವಾಗುವ ದಿನವನ್ನು ಮುಂದೂಡುತ್ತಾರೆಯೇ, ಆ ಅವಧಿಯ ಬಡ್ಡಿಯನ್ನು ಅಸಲಿಗೆ ಸೇರಿಸುತ್ತಾರೆಯೇ. ಹೋಗುವಾಗ ಮಗಳನ್ನೂ ಕರೆದುಕೊಂಡು ಹೋಗಿ, ಸಾಲದ ಕಾಗದಗಳಲ್ಲಿ ಅವಳ ಸಹಿಯೂ ಇರುತ್ತದೆ.